ಹಳೆಯ ವಿಂಡೋಸ್ 7 ಅನ್ನು ವರ್ಚುವಲ್ ಮಷಿನ್‌ಗೆ ಸಾಗಿಸಿದರೆ ಪರವಾನಗಿಯೂ ಜೊತೆಗೆ ಬರುತ್ತದೆಯೇ?

ಪ್ರಶ್ನೆ: ನಮ್ಮದು ಡಿಟಿಪಿ ಮಾಡಿಕೊಡುವ, ಲಗ್ನಪತ್ರಿಕೆ ಮುದ್ರಿಸುವ ಸಣ್ಣ ಅಂಗಡಿ. 2012ರಲ್ಲಿ ಕೊಂಡ ಬ್ರಾಂಡೆಡ್ ಕಂಪ್ಯೂಟರಿನೊಂದಿಗೆ ವಿಂಡೋಸ್ 7 ಪ್ರೊಫೆಷನಲ್, 32 ಬಿಟ್, ಬಂದಿತ್ತು. ಪುಟ ವಿನ್ಯಾಸದ ಪೇಜ್‌ಮೇಕರ್ 7 ಮತ್ತು ಕನ್ನಡ ಟೈಪಿಂಗ್‌ನ ನುಡಿ ತಂತ್ರಾಂಶ ಅದರಲ್ಲೇ ಇವೆ. ಈಗ ವಿಂಡೋಸ್ 11 ಹೋಮ್ ಇರುವ ಹೊಸ ಕಂಪ್ಯೂಟರ್ ತಂದಿದ್ದೇವೆ. ಪರಿಚಯದ ಹುಡುಗನೊಬ್ಬ ಹಳೆಯ ಹಾರ್ಡ್‌ ಡಿಸ್ಕನ್ನು ಇದ್ದಹಾಗೇ ನಕಲು ಮಾಡಿ, ಹೊಸ ಕಂಪ್ಯೂಟರಿನ ವರ್ಚುವಲ್‌ಬಾಕ್ಸ್‌ನಲ್ಲಿ, ಅಂದರೆ ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು (ವರ್ಚುವಲ್ ಮಷಿನ್) ಸೃಷ್ಟಿಸುವ ತಂತ್ರಾಂಶದಲ್ಲಿ, ಓಡುವಂತೆ ಮಾಡಿಕೊಟ್ಟಿದ್ದಾನೆ. ಕೆಲಸ ನಡೆಯುತ್ತಿದೆ. ಆದರೆ ಪರದೆಯ ಹಿನ್ನೆಲೆ ಕಪ್ಪಾಗಿದೆ, ಮೂಲೆಯಲ್ಲಿ ಈ ವಿಂಡೋಸ್ ಅಸಲಿಯಲ್ಲ ಎಂಬ ಸೂಚನೆ ಬರುತ್ತಿದೆ. ಹಳೆಯ ಪೆಟ್ಟಿಗೆಯ ಸ್ಟಿಕರ್ ಮೇಲಿರುವ ಕೀಯನ್ನು ಇಲ್ಲಿ ಹಾಕಬಹುದೇ? ಇದನ್ನೇ ವಿಂಡೋಸ್ 11ಕ್ಕೆ ಏರಿಸಬಹುದೇ? ಕಾನೂನಿಗೆ ವಿರುದ್ಧವಾಗದಂತೆ ನಾವು ಏನು ಮಾಡಬೇಕು?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಆ ಸ್ಟಿಕರ್‌ನ ಕೀಯನ್ನು ಹೊಸ ಕಂಪ್ಯೂಟರಿನ ವರ್ಚುವಲ್ ಮಷಿನ್‌ನಲ್ಲಿ ಬಳಸುವ ಹಕ್ಕು ನಿಮಗಿಲ್ಲ. ನಿಮ್ಮ ಈಗಿನ ನಕಲನ್ನು ಅದರಲ್ಲಿರುವ ತಂತ್ರಾಂಶಗಳ ಸಮೇತ ವಿಂಡೋಸ್ 11ಕ್ಕೆ ಏರಿಸಲು ತಾಂತ್ರಿಕವಾಗಿಯೂ ಬರುವುದಿಲ್ಲ. ಆದರೂ ಪೇಜ್‌ಮೇಕರ್‌ನ ಹಳೆಯ ಫೈಲುಗಳನ್ನು ತೆರೆದು ಕೆಲಸ ಮಾಡಲು ಪರವಾನಗಿಗೆ ಒಪ್ಪುವ ಎರಡು ದಾರಿಗಳಿವೆ, ಮತ್ತು ಅವುಗಳಲ್ಲಿ ಒಂದಕ್ಕೆ ನೀವು ಹೊಸದಾಗಿ ವಿಂಡೋಸ್ ಕೊಳ್ಳಬೇಕಾದ ಅಗತ್ಯವೂ ಇಲ್ಲ.

ಈ ವಿಷಯದಲ್ಲಿ ಹೆಚ್ಚಿನ ಗೊಂದಲ ಹುಟ್ಟುವುದು ಆಕ್ಟಿವೇಶನ್ ಮತ್ತು ಪರವಾನಗಿ ಎರಡನ್ನೂ ಒಂದೇ ಎಂದು ತಿಳಿಯುವುದರಿಂದ. ಆಕ್ಟಿವೇಶನ್ ಎಂಬುದು ಯಂತ್ರ ಮಾಡುವ ಒಂದು ತಪಾಸಣೆ. ಪರವಾನಗಿ ಎಂಬುದು ನಿಮಗೂ ತಯಾರಕರಿಗೂ ನಡುವಿನ ಒಪ್ಪಂದ. ತಪಾಸಣೆಯಲ್ಲಿ ಪಾಸಾದರೂ ಒಪ್ಪಂದ ಮುರಿದಿರಬಹುದು. ಒಪ್ಪಂದದಂತೆಯೇ ನಡೆದುಕೊಂಡರೂ ಕೆಲವೊಮ್ಮೆ ತಪಾಸಣೆಯಲ್ಲಿ ಫೇಲಾಗಬಹುದು. ನಿಮ್ಮ ಪರದೆ ಕಪ್ಪಾದದ್ದು ಮೊದಲನೆಯದಕ್ಕೆ ಸಂಬಂಧಿಸಿದ್ದು. ನೀವು ಕೇಳಿರುವ ಪ್ರಶ್ನೆ ಎರಡನೆಯದಕ್ಕೆ ಸಂಬಂಧಿಸಿದ್ದು.

ತಪಾಸಣೆ ಫೇಲಾಗಲು ಕಾರಣ ಸರಳವಾಗಿದೆ. ವಿಂಡೋಸ್ 7ರ ಕಾಲದಲ್ಲಿ ದೊಡ್ಡ ತಯಾರಕರು ತಮ್ಮ ಕಂಪ್ಯೂಟರಿನ ಬಯಾಸ್ (ಕಂಪ್ಯೂಟರನ್ನು ಎಬ್ಬಿಸುವ ಮೂಲ ತಂತ್ರಾಂಶ) ಒಳಗೆ ಎಸ್‌ಎಲ್‌ಐಸಿ ಎಂಬ ಒಂದು ಸಣ್ಣ ಕೋಷ್ಟಕವನ್ನು ಇಟ್ಟಿರುತ್ತಿದ್ದರು. ವಿಂಡೋಸ್ ಶುರುವಾಗುವಾಗ ಆ ಕೋಷ್ಟಕ, ತಯಾರಕರ ಪ್ರಮಾಣಪತ್ರ ಮತ್ತು ಕಾರ್ಖಾನೆಯಲ್ಲೇ ಹಾಕಿದ ಕೀ ಮೂರೂ ತಾಳೆಯಾದರೆ ಅಂತರ್ಜಾಲದ ಹಂಗಿಲ್ಲದೆ ತಾನೇ ಆಕ್ಟಿವೇಟ್ ಆಗುತ್ತಿತ್ತು. ಆದ್ದರಿಂದಲೇ ಹಳೆಯ ಕಂಪ್ಯೂಟರಿನಲ್ಲಿ ನೀವು ಎಂದೂ ಕೀ ಹಾಕಬೇಕಾಗಿ ಬಂದಿರಲಿಕ್ಕಿಲ್ಲ. ವರ್ಚುವಲ್‌ಬಾಕ್ಸ್ ತನ್ನದೇ ಬಯಾಸ್ ಅನ್ನು ಸೃಷ್ಟಿಸುತ್ತದೆ. ಅದರಲ್ಲಿ ಆ ಕೋಷ್ಟಕ ಇರುವುದಿಲ್ಲ. ಪೆಟ್ಟಿಗೆಯ ಸ್ಟಿಕರ್ ಮೇಲಿರುವುದು ಬೇರೆಯೇ ಕೀ. ಅದನ್ನು ಹಾಕಿ ಆಕ್ಟಿವೇಶನ್ ಕೇಳಿಕೊಂಡರೆ ಒಮ್ಮೊಮ್ಮೆ ಒಪ್ಪಿಗೆ ಸಿಗುವುದೂ ಉಂಟು. ಸಿಕ್ಕಿತೆಂದು ಅಲ್ಲಿಗೆ ನಿಲ್ಲಿಸಬೇಡಿ. ಒಪ್ಪಂದ ಏನು ಹೇಳುತ್ತದೆ ಎಂಬುದನ್ನು ನೋಡೋಣ.

ಕಂಪ್ಯೂಟರಿನ ಜೊತೆಗೇ ಬಂದ ವಿಂಡೋಸ್ 7ರ ಒಪ್ಪಂದದಲ್ಲಿ, ಆ ಪರವಾನಗಿ ತಾನು ಬಂದ ಕಂಪ್ಯೂಟರಿಗೆ ಶಾಶ್ವತವಾಗಿ ಅಂಟಿಕೊಂಡಿರುತ್ತದೆ ಎಂಬ ಮಾತಿದೆ. ಆ ಕಂಪ್ಯೂಟರನ್ನು ಬೇರೆಯವರಿಗೆ ಮಾರಿದರೆ ಪರವಾನಗಿಯೂ ಅದರೊಂದಿಗೆ ಹೋಗುತ್ತದೆ. ಅದನ್ನು ಬಿಡಿಸಿ ಇನ್ನೊಂದು ಯಂತ್ರಕ್ಕೆ ಒಯ್ಯುವಂತಿಲ್ಲ. ಆದರೆ ಅದೇ ಒಪ್ಪಂದದಲ್ಲಿ ಬಹಳ ಜನ ಗಮನಿಸದ ಇನ್ನೊಂದು ಅಂಶವಿದೆ: ಪರವಾನಗಿ ಇರುವ ಕಂಪ್ಯೂಟರಿನಲ್ಲಿ ವಿಂಡೋಸನ್ನು ನೇರವಾಗಿ ನಡೆಸುವ ಬದಲಿಗೆ, ಅದೇ ಕಂಪ್ಯೂಟರಿನೊಳಗಿನ ಒಂದೇ ಒಂದು ವರ್ಚುವಲ್ ಯಂತ್ರದಲ್ಲಿ ಹಾಕಿಕೊಂಡು ನಡೆಸಬಹುದು. ಇಲ್ಲಿ ‘ಬದಲಿಗೆ’ ಮತ್ತು ‘ಅದೇ ಕಂಪ್ಯೂಟರಿನೊಳಗೆ’ ಎಂಬ ಎರಡು ಮಾತುಗಳ ಮೇಲೆ ಎಲ್ಲವೂ ನಿಂತಿದೆ. ನಿಮ್ಮ ನಕಲು ಓಡುತ್ತಿರುವುದು ಹೊಸ ಕಂಪ್ಯೂಟರಿನಲ್ಲಿ. ಆದ್ದರಿಂದ ಹಳೆಯದನ್ನು ನೀವು ಮೂಲೆಗೆ ಸರಿಸಿದ್ದರೂ, ಗುಜರಿಗೆ ಹಾಕಿದ್ದರೂ, ಆ ಹಕ್ಕು ಇಲ್ಲಿಗೆ ಬರುವುದಿಲ್ಲ. ಅಂಗಡಿಯಲ್ಲಿ ಡಬ್ಬಿ ಸಮೇತ ಬಿಡಿಯಾಗಿ ಕೊಂಡ ವಿಂಡೋಸ್ ಆಗಿದ್ದರೆ ಉತ್ತರ ಬೇರೆಯಾಗುತ್ತಿತ್ತು. ಅದನ್ನು ಹಳೆಯ ಯಂತ್ರದಿಂದ ಪೂರ್ತಿ ತೆಗೆದುಹಾಕಿ ನಿಮ್ಮದೇ ಇನ್ನೊಂದು ಯಂತ್ರಕ್ಕೆ ಹಾಕಿಕೊಳ್ಳಲು ಅವಕಾಶವಿದೆ.

ವರ್ಚುವಲ್ ಯಂತ್ರದ ಬಗ್ಗೆ ಒಪ್ಪಂದಗಳು ಯಾವಾಗಲೂ ಇಷ್ಟು ಸಡಿಲವಾಗಿರಲಿಲ್ಲ. ವಿಂಡೋಸ್ 7ಕ್ಕೂ ಹಿಂದಿನ ವಿಂಡೋಸ್ ವಿಸ್ತಾ ಬಂದಾಗ ಅದರ ಹೋಮ್ ಆವೃತ್ತಿಗಳನ್ನು ವರ್ಚುವಲ್ ಯಂತ್ರದಲ್ಲಿ ಹಾಕುವುದನ್ನೇ ನಿಷೇಧಿಸಲಾಗಿತ್ತು. 2008ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಆ ನಿರ್ಬಂಧವನ್ನು ತೆಗೆಯಿತು. ವಿಂಡೋಸ್ 7 ಪ್ರೊಫೆಷನಲ್ ಕೊಂಡವರಿಗಂತೂ ಎಕ್ಸ್‌ಪಿ ಮೋಡ್ ಎಂಬ ಹೆಸರಿನಲ್ಲಿ, ಪರವಾನಗಿ ಸಮೇತವಾದ ಒಂದು ಪೂರ್ತಿ ವಿಂಡೋಸ್ ಎಕ್ಸ್‌ಪಿಯನ್ನೇ ವರ್ಚುವಲ್ ಯಂತ್ರವಾಗಿ ಉಚಿತವಾಗಿ ಕೊಡಲಾಗುತ್ತಿತ್ತು. ಆಗಲೂ ಸಮಸ್ಯೆ ನಿಮ್ಮದೇ ಆಗಿತ್ತು: ಹಳೆಯ ತಂತ್ರಾಂಶ ಬಿಡಲಾಗದು, ಹೊಸ ವಿಂಡೋಸ್ ಬೇಡವೆನ್ನಲಾಗದು. ಆ ಸೌಲಭ್ಯ ವಿಂಡೋಸ್ 7ರ ಮೇಲಷ್ಟೇ ಸಲ್ಲುತ್ತಿತ್ತು. 10 ಅಥವಾ 11ರ ಮೇಲೆ ಆ ಪ್ರತಿಯನ್ನು ನಡೆಸುವಂತಿಲ್ಲ.

ಇನ್ನು ವಿಂಡೋಸ್ 10 ಮತ್ತು 11ರ ಒಪ್ಪಂದ. ಒಂದು ಪರವಾನಗಿಗೆ ಒಂದು ಪ್ರತಿ, ಅದೂ ಒಂದು ಸಾಧನದ ಮೇಲೆ. ಆ ಸಾಧನ ಕಣ್ಣಿಗೆ ಕಾಣುವ ಯಂತ್ರವೇ ಆಗಿರಲಿ ವರ್ಚುವಲ್ ಯಂತ್ರವೇ ಆಗಿರಲಿ, ಲೆಕ್ಕ ಒಂದೇ. ಒಂದಕ್ಕಿಂತ ಹೆಚ್ಚು ವರ್ಚುವಲ್ ಯಂತ್ರಗಳಿದ್ದರೆ ಪ್ರತಿಯೊಂದಕ್ಕೂ ಪ್ರತ್ಯೇಕ ಪರವಾನಗಿ ಬೇಕು. ನಿಮ್ಮ ಹೊಸ ಕಂಪ್ಯೂಟರಿನ ಜೊತೆ ಬಂದ ವಿಂಡೋಸ್ 11 ಹೋಮ್, ಆ ಕಂಪ್ಯೂಟರನ್ನೇ ನಡೆಸುವುದಕ್ಕೆ ಖರ್ಚಾಗಿದೆ. ಅದರೊಳಗೆ ಇನ್ನೊಂದು ವಿಂಡೋಸ್ 11 ಓಡಿಸಿದರೆ ಅದು ಎರಡನೆಯ ಸಾಧನ, ಅದಕ್ಕೆ ಎರಡನೆಯ ಪರವಾನಗಿ. ಕಂಪ್ಯೂಟರ್ ಒಂದೇ ಅಲ್ಲವೇ ಎಂದು ಅನೇಕರು ನನ್ನೊಡನೆ ವಾದಿಸಿದ್ದಾರೆ. ಒಪ್ಪಂದ ಎಣಿಸುವುದು ಪೆಟ್ಟಿಗೆಗಳನ್ನಲ್ಲ, ಹಾಕಿರುವ ಪ್ರತಿಗಳನ್ನು.

ಹಾಗಾದರೆ ಮೊದಲನೆಯ ದಾರಿ: ಹಳೆಯ ಕಂಪ್ಯೂಟರ್ ಇನ್ನೂ ಕೆಲಸ ಮಾಡುತ್ತಿದ್ದರೆ ಅದನ್ನು ಎಸೆಯಬೇಡಿ. ಅದರಲ್ಲಿರುವ ವಿಂಡೋಸ್ 7 ಅಲ್ಲಿಯೇ ಇದ್ದಷ್ಟು ದಿನ ನಿಮ್ಮ ಹಕ್ಕು ಅಬಾಧಿತ. ವಿಂಡೋಸ್ 7ಕ್ಕೆ ಉಚಿತ ಭದ್ರತಾ ಅಪ್‌ಡೇಟ್ 2020ರ ಜನವರಿ 14ಕ್ಕೇ ನಿಂತಿದೆ ಎಂಬುದು ನಿಜ, ಆದರೆ ಅಪ್‌ಡೇಟ್ ನಿಂತಿತೆಂದು ಬಳಸುವ ಹಕ್ಕು ಹೋಗುವುದಿಲ್ಲ. ಅಂತರ್ಜಾಲದ ಕೇಬಲ್ ತೆಗೆದು ಪೇಜ್‌ಮೇಕರ್‌ಗೆಂದೇ ಇಟ್ಟುಕೊಳ್ಳಬಹುದು. ಆ ಯಂತ್ರವನ್ನು ಬೇರೆ ಕೆಲಸಕ್ಕೂ ಬಳಸಬೇಕೆಂದಿದ್ದರೆ, ಅದಕ್ಕೆ ಉಚಿತ ಕಾರ್ಯವ್ಯವಸ್ಥೆಯಾದ ಲಿನಕ್ಸ್ ಹಾಕಿ, ವಿಂಡೋಸ್ 7 ಅನ್ನು ಅದರೊಳಗಿನ ವರ್ಚುವಲ್ ಯಂತ್ರಕ್ಕೆ ಸರಿಸಿ, ಈಗ ಆ ಸ್ಟಿಕರ್ ಕೀಯನ್ನು ಹಾಕಿ. ನಾನು ಮೇಲೆ ಹೇಳಿದ ಅಂಶ ಅನ್ವಯಿಸುವುದು ಇಲ್ಲಿಯೇ, ಮತ್ತು ಇಲ್ಲಿ ಆಕ್ಟಿವೇಶನ್ ಕೇಳುವಾಗ ನೀವು ಯಾರಿಗೂ ಏನನ್ನೂ ಮುಚ್ಚಿಡಬೇಕಾಗಿಲ್ಲ.

ಎರಡನೆಯ ದಾರಿ, ಹೊಸ ಕಂಪ್ಯೂಟರಿನಲ್ಲೇ ಎಲ್ಲವೂ ಆಗಬೇಕೆಂದಿದ್ದರೆ, ವರ್ಚುವಲ್ ಯಂತ್ರಕ್ಕೆಂದೇ ಒಂದು ಬಿಡಿ ವಿಂಡೋಸ್ 11 ಪರವಾನಗಿಯನ್ನು ಕೊಂಡು ಹೊಸದಾಗಿ ಹಾಕುವುದು. ಪೇಜ್‌ಮೇಕರ್ ಹೊಸ ಕಂಪ್ಯೂಟರಿನ ವಿಂಡೋಸ್ 11ರ ಮೇಲೆ ನೇರವಾಗಿಯೇ ಸರಿಯಾಗಿ ನಡೆಯುವುದಾದರೆ ವರ್ಚುವಲ್ ಯಂತ್ರವೇ ಬೇಕಿಲ್ಲ ಎಂಬುದನ್ನೂ ನೆನಪಿಡಿ. ಮೊದಲು ಅದನ್ನು ಪರೀಕ್ಷಿಸಿ. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ, ಅದೇ ಅದರ ಕೊನೆಯ ಆವೃತ್ತಿ. ಹಳೆಯ ಯಂತ್ರವನ್ನು ಹಾಗೇ ಇಟ್ಟುಕೊಂಡು ಪರೀಕ್ಷಿಸಬೇಕೆಂದಿದ್ದರೆ, ವಿಂಡೋಸ್ 11 ಎಂಟರ್‌ಪ್ರೈಸ್‌ನ 90 ದಿನಗಳ ಪ್ರಾಯೋಗಿಕ ಪ್ರತಿಯನ್ನು ಮೈಕ್ರೋಸಾಫ್ಟ್ ಉಚಿತವಾಗಿ ಕೊಡುತ್ತದೆ. ಅದನ್ನು ವರ್ಚುವಲ್ ಯಂತ್ರದಲ್ಲಿ ಹಾಕಿ ಪೇಜ್‌ಮೇಕರ್, ನುಡಿ, ಪ್ರಿಂಟರ್ ಎಲ್ಲವನ್ನೂ ನೋಡಿ. ಆದರೆ ಅದು ಪರೀಕ್ಷೆಗೆ ಮಾತ್ರ, ಗಿರಾಕಿಗಳ ಕೆಲಸಕ್ಕಲ್ಲ, ಮತ್ತು ಮುಂದೆ ಅದನ್ನೇ ಖಾಯಂ ಪ್ರತಿಯಾಗಿ ಬದಲಿಸಲು ಬರುವುದಿಲ್ಲ. ಪೇಜ್‌ಮೇಕರ್‌ಗೂ ಅದರದೇ ಪರವಾನಗಿ ಇದೆ. ಹೊಸದರಲ್ಲಿ ಹಾಕುವಾಗ ಹಳೆಯದರಿಂದ ತೆಗೆಯುವ ವಿಚಾರವನ್ನು ಅದರ ಕಾಗದಗಳಲ್ಲಿ ಓದಿಕೊಳ್ಳಿ.

ಕೀ ಕೊಳ್ಳುವಾಗ ಎಚ್ಚರ ಇರಲಿ. ಕೆಲವೇ ನೂರು ರೂಪಾಯಿಗೆ ಬರುವ ಕೀಗಳಲ್ಲಿ ಅನೇಕವು ಯಾವುದೋ ಸಂಸ್ಥೆಯ ಸಗಟು ಪರವಾನಗಿಯಿಂದ ಸೋರಿ ಬಂದವು ಅಥವಾ ಯಾರದೋ ಕಂಪ್ಯೂಟರಿಗೆ ಅಂಟಿದವು. ಅವು ಆಕ್ಟಿವೇಟ್ ಆಗುತ್ತವೆ, ಆದರೆ ನಿಮಗೆ ಹಕ್ಕನ್ನು ಕೊಡುವುದಿಲ್ಲ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಎಸ್‌ಎಲ್‌ಎಂಜಿಆರ್ ಆಜ್ಞೆಯನ್ನು ಡಿಎಲ್‌ಐ ಆಯ್ಕೆಯೊಂದಿಗೆ (slmgr /dli) ಕೊಟ್ಟರೆ ಒಂದು ಸಣ್ಣ ಕಿಟಕಿ ತೆರೆದು, ನಿಮ್ಮ ಪ್ರತಿ ರೀಟೇಲ್ (ಬಿಡಿಯಾಗಿ ಕೊಂಡ) ಬಗೆಯದೋ, ಓಇಎಂ (ಕಂಪ್ಯೂಟರಿನೊಂದಿಗೇ ಬಂದ) ಬಗೆಯದೋ, ವಾಲ್ಯೂಮ್ (ಸಂಸ್ಥೆಗಳ ಸಗಟು) ಬಗೆಯದೋ ಎಂದು ತೋರಿಸುತ್ತದೆ. ಸ್ವತಂತ್ರ ಡಿಟಿಪಿ ಅಂಗಡಿಯ ವರ್ಚುವಲ್ ಯಂತ್ರದಲ್ಲಿ ವಾಲ್ಯೂಮ್ ಎಂದು ಬಂದರೆ, ಮಾರಿದವರನ್ನು ಪ್ರಶ್ನಿಸಲು ಅಷ್ಟೇ ಸಾಕು. ಬಿಲ್ ಕೇಳಿ ಪಡೆದು ಜೋಪಾನ ಮಾಡಿ.

ಕಾನೂನಿನ ಬಗ್ಗೆ ಕೇಳಿದ್ದೀರಿ. ನಮ್ಮ 1957ರ ಕೃತಿಸ್ವಾಮ್ಯ ಅಧಿನಿಯಮದ ದೃಷ್ಟಿಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಸಾಹಿತ್ಯ ಕೃತಿಯಂತೆಯೇ. ಅದರ 63ಬಿ ಕಲಮಿನ ಪ್ರಕಾರ, ಹಕ್ಕು ಉಲ್ಲಂಘಿಸಿದ ಪ್ರತಿ ಎಂದು ತಿಳಿದೂ ಅದನ್ನು ಕಂಪ್ಯೂಟರಿನಲ್ಲಿ ಬಳಸಿದವರಿಗೆ ಕನಿಷ್ಠ ಏಳು ದಿನಗಳಿಂದ ಮೂರು ವರ್ಷಗಳವರೆಗೆ ಸೆರೆಮನೆ ಮತ್ತು 50,000ದಿಂದ 2 ಲಕ್ಷ ರೂಪಾಯಿಗಳವರೆಗೆ ದಂಡ ಆಗಬಹುದು. ಲಾಭಕ್ಕಾಗಿ ಅಥವಾ ವ್ಯಾಪಾರದಲ್ಲಿ ಬಳಸದಿದ್ದಲ್ಲಿ ನ್ಯಾಯಾಲಯ ಸೆರೆವಾಸ ವಿಧಿಸದೆ ಬಿಡಬಹುದು ಎಂಬ ರಿಯಾಯಿತಿಯೂ ಅಲ್ಲಿದೆ. ನಿಮ್ಮದು ಅಂಗಡಿ, ಆ ರಿಯಾಯಿತಿ ನಿಮಗೆ ದಕ್ಕದು. ಅದೇ ಅಧಿನಿಯಮದ 52ನೇ ಕಲಮು, ಕಾನೂನುಬದ್ಧವಾಗಿ ಪ್ರೋಗ್ರಾಂ ಹೊಂದಿರುವವರು ನಷ್ಟ ಅಥವಾ ಹಾನಿಯಿಂದ ರಕ್ಷಣೆಗೆಂದು ಬ್ಯಾಕಪ್ ಪ್ರತಿ ಮಾಡಿಟ್ಟುಕೊಳ್ಳುವುದನ್ನು ಉಲ್ಲಂಘನೆಯೆಂದು ಎಣಿಸುವುದಿಲ್ಲ. ಆದ್ದರಿಂದ ಆ ಹುಡುಗ ಮಾಡಿದ ಡಿಸ್ಕ್ ನಕಲು ನಿಮ್ಮ ಬಳಿ ಇರುವುದು ತಪ್ಪಲ್ಲ. ಅದನ್ನು ಇನ್ನೊಂದು ಕಂಪ್ಯೂಟರಿನಲ್ಲಿ ಎಬ್ಬಿಸಿ ದಿನನಿತ್ಯದ ಕೆಲಸಕ್ಕೆ ಹಚ್ಚುವುದು ತಪ್ಪು.

ಈಗ ಏರಿಸುವ ಪ್ರಶ್ನೆ. ವಿಂಡೋಸ್ 7ರಿಂದ ನೇರವಾಗಿ 11ಕ್ಕೆ, ಹಾಕಿರುವ ತಂತ್ರಾಂಶಗಳನ್ನು ಉಳಿಸಿಕೊಂಡು ಏರುವ ಮೆಟ್ಟಿಲೇ ಇಲ್ಲ. ನಡುವೆ 10 ಬೇಕು. 10ಕ್ಕೆ ಉಚಿತವಾಗಿ ಏರುವ ಕೊಡುಗೆ 2015ರ ಜುಲೈ 29ರಿಂದ ಒಂದು ವರ್ಷ ಮಾತ್ರ ಇತ್ತು. ಅನಂತರವೂ ವಿಂಡೋಸ್ 7ರ ಕೀಗಳು 10ರಲ್ಲಿ ನಡೆಯುತ್ತಲೇ ಇದ್ದವು, ಆ ಬಾಗಿಲನ್ನು 2023ರ ಸೆಪ್ಟೆಂಬರಿನಲ್ಲಿ ಮುಚ್ಚಲಾಯಿತು. ಹತ್ತಕ್ಕೂ ಉಚಿತ ಭದ್ರತಾ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇವೆಲ್ಲಕ್ಕಿಂತ ದೊಡ್ಡ ಅಡ್ಡಿ ನಿಮ್ಮ ವಿಂಡೋಸ್ 32 ಬಿಟ್‌ನದು ಎಂಬುದು. 32 ಬಿಟ್‌ನ ಏಳನ್ನು 32 ಬಿಟ್‌ನ ಹತ್ತಕ್ಕೆ ಮಾತ್ರ ಏರಿಸಬಹುದು, ಮತ್ತು ವಿಂಡೋಸ್ 11 ಬರುವುದು 64 ಬಿಟ್‌ನಲ್ಲಿ ಮಾತ್ರ. ಹೀಗಾಗಿ ಹೊಸದಾಗಿ ಹಾಕುವುದೊಂದೇ ಉಳಿಯುವ ಮಾರ್ಗ. 64 ಬಿಟ್ ವಿಂಡೋಸ್ 16 ಬಿಟ್‌ನ ಪ್ರೋಗ್ರಾಂಗಳನ್ನು ನಡೆಸುವುದೇ ಇಲ್ಲವಾದ್ದರಿಂದ, ತೊಂಬತ್ತರ ದಶಕದ ಯಾವುದಾದರೂ ಫಾಂಟ್ ಇನ್‌ಸ್ಟಾಲರ್ ಅಥವಾ ಲೆಕ್ಕದ ಪ್ರೋಗ್ರಾಂ ನಿಮ್ಮಲ್ಲಿದ್ದರೆ ಅದನ್ನು ಹಳೆಯ ಯಂತ್ರದಲ್ಲೇ ಬಿಡಬೇಕಾಗುತ್ತದೆ.

64 ಬಿಟ್‌ನ ವಿಂಡೋಸ್ 10 ವರ್ಚುವಲ್ ಯಂತ್ರ ಇರುವ ಬೇರೆ ಓದುಗರಿಗಾಗಿ ಒಂದು ಮಾತು. ಹಳೆಯ ಬಯಾಸ್ ಕ್ರಮದಲ್ಲಿ ಹಾಕಿದ ಯಂತ್ರವಾದರೆ ಡಿಸ್ಕ್ ಎಂಬಿಆರ್ ಎಂಬ ಹಳೆಯ ವಿಭಜನಾ ವಿಧಾನದಲ್ಲಿರುತ್ತದೆ, ವಿಂಡೋಸ್ 11 ಬಯಾಸ್‌ನ ಹೊಸ ರೂಪವಾದ ಯುಇಎಫ್‌ಐ ಕೇಳುತ್ತದೆ. ಮೊದಲು ಯಂತ್ರವನ್ನು ಪೂರ್ತಿ ಆರಿಸಿ ಒಂದು ಸ್ನ್ಯಾಪ್‌ಶಾಟ್ (ಮರಳಿ ಬರಲು ಆ ಕ್ಷಣದ ಸ್ಥಿತಿಯ ದಾಖಲೆ) ತೆಗೆದುಕೊಳ್ಳಿ. ಅನಂತರ ವಿಂಡೋಸ್ 10ರಲ್ಲೇ ಇರುವ ಎಂಬಿಆರ್‌ಟುಜಿಪಿಟಿ (mbr2gpt) ಎಂಬ ಉಪಕರಣದಿಂದ ಡಿಸ್ಕನ್ನು ಹೊಸ ವಿಧಾನಕ್ಕೆ ಬದಲಿಸಿ, ಯಂತ್ರವನ್ನು ಆಫ್ ಮಾಡಿ, ಸೆಟ್ಟಿಂಗ್‌ನಲ್ಲಿ ಇಎಫ್‌ಐ (ಅಂದರೆ ಯುಇಎಫ್‌ಐ) ಮತ್ತು ಟಿಪಿಎಂ 2.0 (ಗುಟ್ಟಿನ ಕೀಗಳನ್ನು ಕಾಯುವ ಭದ್ರತಾ ಚಿಪ್) ಆನ್ ಮಾಡಿ, ವಿಂಡೋಸ್ 10 ಒಮ್ಮೆ ಸರಿಯಾಗಿ ಏಳುವುದನ್ನು ನೋಡಿದ ಮೇಲೆಯೇ 11ರ ಸೆಟಪ್ ಶುರು ಮಾಡಿ. ಈ ಕ್ರಮ ಹಿಂದುಮುಂದಾದರೆ ಯಂತ್ರ ಏಳುವುದೇ ಇಲ್ಲ.

ನೀವು ಹೊಸದಾಗಿ ಹಾಕುವುದಾದರೆ ಇಷ್ಟು ಕಷ್ಟವಿಲ್ಲ. ವಿಂಡೋಸ್ 11ರ ಕನಿಷ್ಠ ಬೇಡಿಕೆ ಎರಡು ಕೋರ್, 4 ಜಿಬಿ ಮೆಮೊರಿ, 64 ಜಿಬಿ ಡಿಸ್ಕ್, ಸೆಕ್ಯೂರ್ ಬೂಟ್ (ನಂಬಿಕಸ್ಥ ತಂತ್ರಾಂಶದಿಂದಷ್ಟೇ ಯಂತ್ರ ಏಳಲು ಬಿಡುವ ರಕ್ಷಣೆ) ಮತ್ತು ಟಿಪಿಎಂ 2.0. ಹೊಸ ಕಂಪ್ಯೂಟರಿನಲ್ಲಿ 16 ಜಿಬಿ ಇದ್ದರೆ ಒಳಗಿನ ಯಂತ್ರಕ್ಕೆ 8 ಜಿಬಿ ಕೊಡಿ. 2022ರ ಅಕ್ಟೋಬರಿನಲ್ಲಿ ಬಂದ ವರ್ಚುವಲ್‌ಬಾಕ್ಸ್ 7ರಿಂದ ವರ್ಚುವಲ್ ಟಿಪಿಎಂ ಅದರಲ್ಲೇ ಇದೆ, ಆದ್ದರಿಂದ ರಿಜಿಸ್ಟ್ರಿ (ವಿಂಡೋಸ್‌ನ ಸೆಟ್ಟಿಂಗ್‌ಗಳ ದಾಖಲೆ) ತಿದ್ದಿ ಈ ಬೇಡಿಕೆಗಳ ತಪಾಸಣೆ ತಪ್ಪಿಸುವ ಉಪಾಯಗಳ ಹಿಂದೆ ಹೋಗಬೇಡಿ. ಹಾಗೆ ಹಾಕಿದ ಯಂತ್ರಕ್ಕೆ ಅಪ್‌ಡೇಟ್ ಕೇಳುವ ಹಕ್ಕು ಇರುವುದಿಲ್ಲವೆಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿಯೇ ಹೇಳಿದೆ. ಯಂತ್ರ ಶುರುವಾದ ಮೇಲೆ ವರ್ಚುವಲ್‌ಬಾಕ್ಸ್ ಕಿಟಕಿಯ ಕೆಳಗಿನ ಪಟ್ಟಿಯಲ್ಲಿ ಬಲಗಡೆಗೆ ನೋಡಿ. ಅಲ್ಲಿ ಒಂದು ಪುಟ್ಟ ಹಸಿರು ಆಮೆಯ ಚಿತ್ರ ಕಂಡರೆ, ಹೊರಗಿನ ವಿಂಡೋಸ್ ತನ್ನ ಹೈಪರ್‌ವೈಸರನ್ನು (ವರ್ಚುವಲ್ ಯಂತ್ರಗಳನ್ನು ನಡೆಸುವ ಪದರವನ್ನು) ಹಿಡಿದುಕೊಂಡಿದೆ, ಒಳಗಿನ ಯಂತ್ರ ಅದರ ಮೇಲೆ ನಿಧಾನವಾಗಿ ಓಡುತ್ತಿದೆ ಎಂದರ್ಥ. ಸಾಮಾನ್ಯವಾಗಿ ಕಾರಣ ವಿಂಡೋಸ್ ಸೆಕ್ಯೂರಿಟಿಯ ಕೋರ್ ಐಸೊಲೇಶನ್ ವಿಭಾಗದ ಮೆಮೊರಿ ಇಂಟೆಗ್ರಿಟಿ. ಅದನ್ನು ಆಫ್ ಮಾಡಿದರೆ ವೇಗ ಬರಬಹುದು, ಆದರೆ ಹೊರಗಿನ ಯಂತ್ರದ ಒಂದು ರಕ್ಷಣೆ ಕಡಿಮೆಯಾಗುತ್ತದೆ. ಪೇಜ್‌ಮೇಕರ್‌ನಂಥ ಹಗುರ ತಂತ್ರಾಂಶಕ್ಕೆ ನಾನಾದರೆ ಆಮೆಯನ್ನೇ ಸಹಿಸಿಕೊಳ್ಳುತ್ತೇನೆ.

ವರ್ಚುವಲ್‌ಬಾಕ್ಸ್‌ನ ಪರವಾನಗಿಯನ್ನೂ ಮರೆಯಬೇಡಿ, ಅಂಗಡಿಗಳು ಎಡವುವುದು ಇಲ್ಲಿಯೇ. ಅದರ ಮೂಲ ಪ್ಯಾಕೇಜ್ ಜಿಪಿಎಲ್ ಎಂಬ ಮುಕ್ತ ಪರವಾನಗಿಯ ಅಡಿಯಲ್ಲಿ ಬರುತ್ತದೆ, ವ್ಯಾಪಾರಕ್ಕೂ ಬಳಸಬಹುದು. ಆದರೆ ಪಕ್ಕದಲ್ಲೇ ಡೌನ್‌ಲೋಡ್‌ಗೆ ಸಿಗುವ ಎಕ್ಸ್‌ಟೆನ್ಶನ್ ಪ್ಯಾಕ್ ವೈಯಕ್ತಿಕ, ಶೈಕ್ಷಣಿಕ ಮತ್ತು ಪರೀಕ್ಷಾ ಬಳಕೆಗೆ ಮಾತ್ರ ಉಚಿತ; ಅಂಗಡಿಯಲ್ಲಿ ಹಾಕಬೇಕಾದರೆ ಅದರ ತಯಾರಕರಾದ ಒರಾಕಲ್‌ನಿಂದ ಕೊಳ್ಳಬೇಕು. ಹಿಂದೆ ಯುಎಸ್‌ಬಿ 2 ಮತ್ತು 3ಕ್ಕಾಗಿ ಎಲ್ಲರೂ ಅದನ್ನು ಹಾಕಿಕೊಳ್ಳುತ್ತಿದ್ದರು. ಏಳನೆಯ ಆವೃತ್ತಿಯಿಂದ ಆ ಸೌಲಭ್ಯ ಮೂಲ ಪ್ಯಾಕೇಜಿಗೇ ಬಂದಿರುವುದರಿಂದ, ಕನ್ನಡ ಫಾಂಟುಗಳ ಡಾಂಗಲ್ (ಯುಎಸ್‌ಬಿಗೆ ಸಿಕ್ಕಿಸುವ ಪರವಾನಗಿ ಸಾಧನ) ಬಳಸುವವರಿಗೂ ಅದು ಬೇಕಾಗುವುದಿಲ್ಲ. ಆ ಹುಡುಗ ಅದನ್ನು ಹಾಕಿದ್ದರೆ ತೆಗೆದುಬಿಡಿ. ವರ್ಚುವಲ್‌ಬಾಕ್ಸ್‌ನಂಥದೇ ಆದ ವಿಎಂವೇರ್ ವರ್ಕ್‌ಸ್ಟೇಶನ್ ಪ್ರೊ 2024ರ ನವೆಂಬರಿನಿಂದ ವ್ಯಾಪಾರಕ್ಕೂ ಉಚಿತವಾಗಿದೆ. ಮೈಕ್ರೋಸಾಫ್ಟ್‌ನದೇ ಆದ ಹೈಪರ್-ವಿ ನಿಮ್ಮ ಹೋಮ್ ಆವೃತ್ತಿಯಲ್ಲಿ ಸಿಗುವುದಿಲ್ಲ.

ನುಡಿಯ ವಿಷಯದಲ್ಲಿ ಒಂದು ಅನುಭವದ ಮಾತು. ನುಡಿಯನ್ನು ಒಳಗಿನ ಯಂತ್ರದಲ್ಲೇ ಹಾಕಿ, ಪೇಜ್‌ಮೇಕರ್‌ಗೆ ಅಲ್ಲಿಂದಲೇ ಟೈಪ್ ಮಾಡಿ. ಹಳೆಯ ಲಗ್ನಪತ್ರಿಕೆಯ ಒಂದು ಸಾಲನ್ನು ಪೇಜ್‌ಮೇಕರ್‌ನಿಂದ ಕಾಪಿ ಮಾಡಿ ಹೊರಗಿನ ವಿಂಡೋಸ್‌ನ ನೋಟ್‌ಪ್ಯಾಡ್‌ಗೆ ಪೇಸ್ಟ್ ಮಾಡಿದರೆ, ‘ಚಿರಂಜೀವಿ’ ಇರಬೇಕಾದಲ್ಲಿ ತಲೆಯ ಮೇಲೆ ಗೀಟು, ಚುಕ್ಕೆ ಹೊತ್ತ ರೋಮನ್ ಅಕ್ಷರಗಳು ಕಾಣುತ್ತವೆ. ವರ್ಚುವಲ್ ಯಂತ್ರ ಕೆಟ್ಟಿತೆಂದು ಹೆದರಬೇಡಿ. ನುಡಿಯ ಹಳೆಯ ಫಾಂಟುಗಳು ಯೂನಿಕೋಡ್ (ಎಲ್ಲ ಲಿಪಿಗಳಿಗೂ ಸಲ್ಲುವ ಸಂಕೇತ ಪದ್ಧತಿ) ಅಲ್ಲ, ರೋಮನ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಣುಕುಗಳನ್ನು ಕೂರಿಸಿರುತ್ತವೆ. ಪರಿವರ್ತಕದಿಂದ ಯೂನಿಕೋಡ್‌ಗೆ ಬದಲಿಸಿದರೆ ಸರಿಯಾಗುತ್ತದೆ. ಮುದ್ರಣಕ್ಕೆ ಹೋಗುವುದನ್ನು ಒಳಗೇ ಪಿಡಿಎಫ್ ಮಾಡಿ ಶೇರ್ಡ್ ಫೋಲ್ಡರ್‌ಗೆ ಹಾಕುವುದು ಎಲ್ಲಕ್ಕಿಂತ ಸುಲಭ. ಒಳಗಿನ ಯಂತ್ರ ವಿಂಡೋಸ್ 7 ಆಗಿದ್ದರೆ ಅದರ ನೆಟ್‌ವರ್ಕ್ ಅಡಾಪ್ಟರನ್ನು ಪೂರ್ತಿ ಬಿಡಿಸಿಡಿ.

ಕೊನೆಯದಾಗಿ, ನಕಲುಗಳ ವಿಚಾರ. ಮದುವೆಯ ಕಾಲದಲ್ಲಿ ಕೆಲಸ ಹೆಚ್ಚಾಯಿತೆಂದು ಒಂದು ಮುದ್ರಣಾಲಯದವರು ಸರಿಯಾದ ಪರವಾನಗಿಯಿದ್ದ ವರ್ಚುವಲ್ ಯಂತ್ರದ ಫೋಲ್ಡರನ್ನೇ ಮತ್ತೆರಡು ಕಂಪ್ಯೂಟರುಗಳಿಗೆ ಹಾಕಿಕೊಂಡು ಮೂರರಲ್ಲೂ ಒಟ್ಟಿಗೆ ನಡೆಸುತ್ತಿದ್ದುದನ್ನು ನಾನು ನೋಡಿದ್ದೇನೆ. ಅವರಿಗೆ ತಪ್ಪು ಮಾಡುವ ಉದ್ದೇಶವಿರಲಿಲ್ಲ, ಒಂದು ಫೈಲ್ ಕಾಪಿ ಮಾಡಿದಂತೆ ಮಾಡಿದ್ದರು. ಹಾಗೆ ಓಡುವ ಪ್ರತಿಯೊಂದು ನಕಲಿಗೂ ಬೇರೆ ಪರವಾನಗಿ ಬೇಕು. ಸ್ನ್ಯಾಪ್‌ಶಾಟ್ ಮತ್ತು ಮುಚ್ಚಿಟ್ಟ ಬ್ಯಾಕಪ್ ಬೇರೆ ಮಾತು. ಅವು ಅದೇ ಒಂದು ಯಂತ್ರದ ಹಿಂದಿನ ಸ್ಥಿತಿಗಳು. ಯಂತ್ರವನ್ನು ಪ್ರಾಮಾಣಿಕವಾಗಿಯೇ ಹೊಸ ಜಾಗಕ್ಕೆ ಸಾಗಿಸುವಾಗ, ಹಾರ್ಡ್‌ವೇರ್ ಗುರುತು ಮತ್ತು ಮ್ಯಾಕ್ ವಿಳಾಸವನ್ನು (ನೆಟ್‌ವರ್ಕ್ ಕಾರ್ಡಿನ ಗುರುತು ಸಂಖ್ಯೆಯನ್ನು) ಹಾಗೇ ಉಳಿಸುವ ಆಯ್ಕೆಯನ್ನು ಆರಿಸಿ. ಗುರುತು ಬದಲಾದರೆ ವಿಂಡೋಸ್ ಹೊಸ ಕಂಪ್ಯೂಟರಿಗೆ ಬಂದೆನೆಂದು ತಿಳಿದು ಮತ್ತೆ ಆಕ್ಟಿವೇಶನ್ ಕೇಳುತ್ತದೆ. ಬ್ಯಾಕಪ್ ತೆಗೆಯುವಾಗ ಡಿಸ್ಕ್ ಫೈಲ್ ಒಂದನ್ನೇ ಅಲ್ಲ, ಇಡೀ ಫೋಲ್ಡರನ್ನು ತೆಗೆದುಕೊಳ್ಳಿ, ಏಕೆಂದರೆ ವರ್ಚುವಲ್ ಟಿಪಿಎಂನ ಗುಟ್ಟುಗಳು ಪಕ್ಕದ ಎನ್‌ವಿರ್ಯಾಮ್ (.nvram) ಫೈಲಿನಲ್ಲಿರುತ್ತವೆ. ಈಚಿನ ವಿಂಡೋಸ್ 11, ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕಾಗ ಡಿಸ್ಕನ್ನು ತಾನೇ ಎನ್‌ಕ್ರಿಪ್ಟ್ ಮಾಡಿ, ಅಂದರೆ ಕೀ ಇಲ್ಲದೆ ಓದಲಾಗದಂತೆ ಮಾಡಿ, ಬಿಡುವುದುಂಟು. ಆ ಫೈಲ್ ಕಳೆದುಹೋದರೆ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಆ ಕೀಯನ್ನು ವಿಂಡೋಸ್ ಹಾಕಿದ ದಿನವೇ ಕಾಗದದ ಮೇಲೆ ಬರೆದು, ಪರವಾನಗಿಯ ಬಿಲ್ಲಿನೊಂದಿಗೆ ಒಂದೇ ಲಕೋಟೆಯಲ್ಲಿಡಿ.